ಮಾವನ ಮಡ್‌ಗಾರ್ಡ್ ಯಾವುದು?

ಬೆಳಿಗ್ಗೆ ಎಂಟು ಗಂಟೆಗೆ ಅಂಟಣ್ಣ ತನ್ನ ಶೆಡ್ಡಿನ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬೆಚ್ಚಗಿನ ನೀರಿನಲ್ಲಿ ಎರಡು ಮಡ್‌ಗಾರ್ಡುಗಳನ್ನು ತೊಳೆದ. ಎಳೆಗರುವಿನ ಮೈ ತೊಳೆಯುವ ಹಾಗೆ ಬೆನ್ನು, ಹೊಟ್ಟೆ, ಸಂದಿಗೊಂದಿ ಒಂದನ್ನೂ ಬಿಡದೆ ಉಜ್ಜಿದ. ಗೋಡೆಗೆ ಒರಗಿಸಿದ. ನಾಲ್ಕು ಹೆಜ್ಜೆ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನೋಡಿದ. ಎರಡಕ್ಕೂ ಒಂದೇ ಬೂದು ಬಣ್ಣ, ಒಂದೇ ಬಾಗು, ಒಂದೇ ನುಣುಪು. ಹೆಮ್ಮೆಯಿಂದ ಅವನ ಎದೆ ಉಬ್ಬಿತು. ಉಬ್ಬಿದ್ದು ಹಾಗೇ ನಿಂತುಬಿಟ್ಟಿತು. ಯಾಕೆಂದರೆ ಎರಡರಲ್ಲಿ ಮಾವ ಕೊಟ್ಟ ಮೂಲ ಯಾವುದು, ತಾನು ಮಾಡಿದ ನಕಲು ಯಾವುದು ಎಂದು ಅವನಿಗೆ ತಿಳಿಯಲಿಲ್ಲ.

ಗುರುತು ಹಾಕಿರಲಿಲ್ಲ ಎಂದಲ್ಲ. ಮಾವನ ಮಡ್‌ಗಾರ್ಡಿನ ಒಳಮೈಯಲ್ಲಿ ಕೆಂಪು ಪೆನ್ಸಿಲಿನಿಂದ ದಪ್ಪಕ್ಷರದಲ್ಲಿ ‘ಮಾವ’ ಎಂದು ಬರೆದೇ ಇದ್ದ. ಆದರೆ ಬರೆದದ್ದು ಪೊರೆಯ ಮೇಲೆ. ಅಚ್ಚು ತೆಗೆಯುವ ಮುನ್ನ ವಸ್ತುವಿಗೆ ಮೇಣ ತಿಕ್ಕಬೇಕು, ಮೇಣದ ಮೇಲೆ ತೆಳ್ಳಗೆ ಒಂದು ದ್ರವ ಬಳಿಯಬೇಕು. ಅದು ಒಣಗಿ ಈರುಳ್ಳಿ ಸಿಪ್ಪೆಯಂಥ ಪೊರೆಯಾಗುತ್ತದೆ. ಆ ಪೊರೆ ಇದ್ದರೆ ಮಾತ್ರ ಮೇಲೆ ಹಾಕಿದ ರೆಸಿನ್ನೆಂಬ ಅಂಟು, ಗಾಜಿನ ನಾರಿನ ಫೈಬರ್ ಮ್ಯಾಟು ಕಚ್ಚಿಕೊಳ್ಳದೆ ಬಿಟ್ಟುಬರುತ್ತದೆ. ಕೆಲಸ ಮುಗಿದ ಮೇಲೆ ನೀರು ಹಾಕಿದರೆ ಪೊರೆ ಕರಗಿಹೋಗುತ್ತದೆ. ಇದು ಅಂಟಣ್ಣನಿಗೆ ಹದಿನಾಲ್ಕು ವರ್ಷದಿಂದ ಗೊತ್ತು. ಮೂಲಕ್ಕೆ ಒಂದು ತೊಟ್ಟು ರೆಸಿನ್ನೂ ತಾಗದಿರಲಿ ಎಂದು ಅತಿ ಜಾಗ್ರತೆಯಿಂದ ಒಳಗೂ ಹೊರಗೂ ಪೊರೆ ಬಳಿದು, ಅದು ಒಣಗಿದ ಮೇಲೆ ಹೆಸರು ಬರೆದಿದ್ದ. ಈಗ ಮಾವ ಪೊರೆಯ ಸಮೇತ ಕರಗಿ, ನೊರೆಯಾಗಿ, ಮೋರಿಯಲ್ಲಿ ಹರಿದುಹೋಗಿದ್ದರು.

ಹಳೆಯ ಕಾರುಗಳ ಮಡ್‌ಗಾರ್ಡು, ಬಾನೆಟ್ಟು, ದೀಪದ ಬಟ್ಟಲುಗಳನ್ನು ಫೈಬರಿನಲ್ಲಿ ಮತ್ತೆ ಮಾಡಿಕೊಡುವುದು ಅವನ ಕಸುಬು. ಬೆರಳಿಗೆ ಸದಾ ರೆಸಿನ್ನು ಮೆತ್ತಿಕೊಂಡಿರುತ್ತಿದ್ದುದರಿಂದ ಬೀದಿಯವರು ಅಂಟಣ್ಣ ಎಂದರು, ಆ ಹೆಸರೂ ಅಂಟಿಕೊಂಡಿತು. ಅವನು ಕೆಲಸ ಮಾಡುವ, ಹೆಂಡತಿಯೊಡನೆ ವಾಸವೂ ಇರುವ ಶೆಡ್ಡು ಮಾತ್ರ ಮಾವನದು. ಮಾವ ನಿವೃತ್ತ ಹೆಡ್‌ಮಾಸ್ತರರು. ಅವರ ಬಳಿ ಎರಡು ಬಾಗಿಲಿನ ಗಾಢ ಕೆಂಪು ಬಣ್ಣದ ಹಳೇ ಕಾರೊಂದಿತ್ತು. ಅದರ ಮಡ್‌ಗಾರ್ಡು ಕಂಪನಿಯಿಂದಲೇ ಫೈಬರಿನದಾಗಿ ಬಂದದ್ದೆಂದೂ, ಒಂದು ಬೋಲ್ಟು ಕೂಡ ಬದಲಾಗಿಲ್ಲವೆಂದೂ ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಹದಿನೈದು ದಿನದ ಹಿಂದೆ ಬೂದು ಪ್ರೈಮರ್ ಹೊಡೆಸಿದ ಮಡ್‌ಗಾರ್ಡನ್ನು ತಂದಿಟ್ಟು ಹೇಳಿದ್ದರು: “ಅಳಿಯಂದ್ರೇ, ಇದು ಮೂಲ. ಇದರಂಥದೇ ಒಂದು ಮಾಡಿ. ಮಂಗಳವಾರ ಸಂಜೆ ಐದಕ್ಕೆ ಬರ್ತೀನಿ. ಮೂಲ ನಾನು ಕೊಟ್ಟ ಹಾಗೇ ವಾಪಸ್ ಬಂದ್ರೆ ಶೆಡ್ಡಲ್ಲಿ ಎಷ್ಟು ವರ್ಷ ಬೇಕಾದ್ರೂ ಇರಿ. ಏನಾದ್ರೂ ಎಡವಟ್ಟಾದ್ರೆ ಬುಧವಾರ ಖಾಲಿ ಮಾಡಿ.”

ಇವತ್ತು ಮಂಗಳವಾರ.

“ಏ, ಸ್ವಲ್ಪ ಬಾ ಇಲ್ಲಿ,” ಎಂದು ಅಂಟಣ್ಣ ಹೆಂಡತಿಯನ್ನು ಕರೆದ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ವಿಷಯ ಕೇಳಿ ಎರಡನ್ನೂ ನೋಡಿದಳು.

“ನೀವು ಮಾಡಿದ್ದು ನಿಮಗೇ ಗೊತ್ತಾಗಲ್ವೇನ್ರೀ?”

“ಅಷ್ಟು ಚೆನ್ನಾಗಿ ಮಾಡಿಬಿಟ್ಟಿದೀನಿ ಕಣೆ. ನಂದಕ್ಕೂ ಅದೇ ಬೂದು ಹೊಡೆದೆ, ಜೋಡಿ ಚೆನ್ನಾಗಿ ಕಾಣಲಿ ಅಂತ.”

“ಮೂಸಿ ನೋಡಿದ್ರಾ? ಹೊಸದು ನಾತ ಹೊಡೆಯುತ್ತೆ.”

ಅಂಟಣ್ಣ ಮೂಸಿದ. ಎರಡೂ ನಾತ ಹೊಡೆದವು. ಅವಳೂ ಮೂಸಿದಳು, ಮೂಗು ಸೊಟ್ಟ ಮಾಡಿದಳು, ಹಿಂದೆ ಸರಿದು ಗಂಡನ ಭುಜವನ್ನು ಮೂಸಿದಳು. “ನಾತ ನಿಮ್ದೇ ಕಣ್ರೀ. ಹೋಗ್ಲಿ ಬಿಡಿ, ನಮ್ಮ ಮನೆ ದಿಂಬೂ ಹೀಗೇ ಇದೆ. ಇದರಲ್ಲಿ ಏನು ಗೊತ್ತಾಗುತ್ತೆ?”

ಅಷ್ಟು ಹೊತ್ತಿಗೆ ಎದುರು ಅಂಗಡಿಯ ಟೈಲರಣ್ಣ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ರಸ್ತೆ ದಾಟಿ ಬಂದ. ಗಂಡ ಹೆಂಡತಿ ಗೋಡೆ ಮೂಸುತ್ತಿರುವುದು ಅವನಿಗೆ ಕಿಟಕಿಯಿಂದ ಕಂಡಿತ್ತು. ಅವನ ಹಿಂದೆಯೇ ಪಕ್ಕದ ಮನೆಯ ತಂತಿ ಅಜ್ಜ ಬಂದ. ಹಳೇ ತಂತಿವಾದ್ಯಗಳಿಗೆ ಶ್ರುತಿ ಕೂಡಿಸಿಕೊಡುವ ಈ ಅಜ್ಜನಿಗೆ ಕಣ್ಣು ಮಂಜು, ಕಿವಿ ಚುರುಕು. ಯಾರ ಮನೆಯಲ್ಲಿ ಪಿಸುಗುಟ್ಟಿದರೂ ಮೊದಲು ಅವನಿಗೇ ಕೇಳಿಸುತ್ತಿತ್ತು.

“ಇದಕ್ಯಾಕೆ ತಲೆ ಕೆಡಿಸ್ಕೋತೀಯ?” ಎಂದ ಟೈಲರಣ್ಣ. “ಹಳೇದು ಭಾರ ಇರುತ್ತೆ. ಕೊಡು.” ಎರಡು ಕೈಯಲ್ಲಿ ಎರಡನ್ನೂ ಎತ್ತಿ, ಕಣ್ಣು ಮುಚ್ಚಿ ತೂಗಿದ. “ಎಡಗೈದು ಭಾರ. ಇದೇ ಮೂಲ.”

ಅಂಟಣ್ಣನ ಮುಖ ಅರಳಿತು. “ಯಾವುದಕ್ಕೂ ಒಂದ್ಸಲ ಅದಲು ಬದಲು ಮಾಡಿ ನೋಡು.”

ಅದಲು ಬದಲು ಮಾಡಿದ. “ಈಗ್ಲೂ ಎಡಗೈದೇ ಭಾರ.”

“ಅಂದ್ರೆ ಭಾರ ಮಡ್‌ಗಾರ್ಡಲ್ಲಿಲ್ಲ, ನಿನ್ನ ಕೈಯಲ್ಲಿದೆ,” ಎಂದ ಅಜ್ಜ. “ಕತ್ತರಿ ಹಿಡಿದೂ ಹಿಡಿದೂ ಬಲಗೈಗೆ ಬಲ ಬಂದಿದೆ, ಎಡಗೈ ಸೋತಿದೆ. ಸರಿ ಅತ್ಲಾಗೆ. ನಾನು ಕೇಳ್ತೀನಿ.”

ಅಜ್ಜ ಬೆರಳಿನ ಗೆಣ್ಣಿನಿಂದ ಒಂದನ್ನು ತಟ್ಟಿ, ಕಿವಿಯಿಟ್ಟು, ಗಂಟಲಲ್ಲಿ ಅದೇ ಸ್ವರ ಹಿಡಿದು ಗುನುಗಿದ. ಇನ್ನೊಂದನ್ನು ತಟ್ಟಿದ. “ಇದು ಒಂದು ಕೂದಲೆಳೆ ಕೆಳಗಿದೆ. ಇದೇ ಹಳೇದು. ವಯಸ್ಸಾದ ಹಾಗೆ ದನಿ ಇಳಿಯುತ್ತೆ.”

“ಅಜ್ಜ, ಮೊನ್ನೆ ನೀವೇ ಹೇಳಿದ್ರಿ, ಮರ ಒಣಗಿದ ಹಾಗೆ ದನಿ ಏರುತ್ತೆ ಅಂತ,” ಎಂದಳು ಹೆಂಡತಿ.

ಅಜ್ಜ ಕಿವಿ ಕೆರೆದುಕೊಂಡ. “ಅದೂ ನಿಜವೇ,” ಎಂದ. ಆಮೇಲೆ ಮತ್ತೆ ಎರಡನ್ನೂ ತಟ್ಟಿದ. ಈ ಸಲ ಮೊದಲನೆಯದೇ ಒಂದು ಕೂದಲೆಳೆ ಕೆಳಗಿತ್ತು. ಬಿಸಿಲು ಸರಿದು ಈಗ ಅದನ್ನು ಕಾಯಿಸುತ್ತಿತ್ತು, ಅಷ್ಟೆ.

ಅಂಟಣ್ಣನಿಗೆ ತಟ್ಟನೆ ಒಂದು ಹೊಳೆಯಿತು. ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲವೆಂದು ಹಣೆ ಚಚ್ಚಿಕೊಂಡ. ರೆಸಿನ್ನು ಗಟ್ಟಿಯಾಗುವಾಗ ಇಷ್ಟೇ ಇಷ್ಟು ಕುಗ್ಗುತ್ತದೆ. ಹಾಗಾಗಿ ನಕಲು ಯಾವತ್ತೂ ಮೂಲಕ್ಕಿಂತ ಒಂದು ನೂಲು ಗಿಡ್ಡ. “ಟೈಲರಣ್ಣ, ಟೇಪು ಹಿಡಿ! ಉದ್ದ ಇರೋದೇ ಮಾವಂದು!”

ಮದುವಣಗಿತ್ತಿಯ ಅಳತೆ ತೆಗೆಯುವ ಗಾಂಭೀರ್ಯದಿಂದ ಟೈಲರಣ್ಣ ಮೂಗಿನಿಂದ ಬಾಲದವರೆಗೆ ಟೇಪು ಹಾಸಿದ. ಒಂದು ಸಲ, ಎರಡು ಸಲ, ಮೂರು ಸಲ. ಬಾಗಿಲ ಕಡೆಗಿದ್ದದ್ದು ಒಂದು ನೂಲು ಉದ್ದ. ಎಲ್ಲರೂ ಹೋ ಎಂದರು. ಹೆಂಡತಿ ಚಹಾ ಮಾಡಲು ಒಳಗೆ ಹೊರಟಳು. ಅಂಟಣ್ಣ ಗುರುತು ಹಾಕಲು ಬಾಗಿದ.

“ಯಾವ ತುದಿಯಿಂದ ಅಳೆದ್ರಿ?” ಎಂದು ಅಜ್ಜ ಕೇಳಿದ. “ಆ ಚೂಪು ಮೂತಿ ಕಡೆಯಿಂದಲಾ?”

“ಹೂಂ. ಯಾಕೆ?”

“ಏನಿಲ್ಲ. ನೀವು ಟೇಪು ಬಿಚ್ಚೋವಾಗ ಈಚೆ ಕಡೆದರ ಮೂತಿ ಬೆರಳಿಗೆ ಚುಚ್ಚಿತು. ಅಲ್ಲೇ ಉಪ್ಪುಕಾಗದ ಬಿದ್ದಿತ್ತು. ಸ್ವಲ್ಪ ಉಜ್ಜಿದೆ. ಸಹಾಯ ಆಗಲಿ ಅಂತ.”

“ಎಷ್ಟು ಉಜ್ಜಿದ್ರಿ ಅಜ್ಜ?”

“ಒಂದು ನೂಲು ಇರಬಹುದು.”

ಹೆಂಡತಿ ಬಾಗಿಲಲ್ಲೇ ನಿಂತಳು. ಅಂಟಣ್ಣ ಬಾಗಿದವನು ಹಾಗೇ ನೆಲದ ಮೇಲೆ ಕೂತ.

ಮಧ್ಯಾಹ್ನ ಮೂರಾಯಿತು. ಊಟದ ತಟ್ಟೆ ಮುಚ್ಚಿಟ್ಟದ್ದು ಮುಚ್ಚಿಟ್ಟ ಹಾಗೇ ಇತ್ತು. ಟೈಲರಣ್ಣ ಅಂಗಡಿಗೆ ಬಂದ ಇಬ್ಬರು ಗಿರಾಕಿಗಳನ್ನು ನಾಳೆ ಬನ್ನಿ ಎಂದು ಅಟ್ಟಿ ಮರಳಿ ಬಂದು, ಕಾಲರಿನಿಂದ ಗುಂಡುಸೂಜಿ ಕಿತ್ತ.

“ಕೇಳು. ನಿಮ್ಮ ಮಾವನ ಕಾರು ಯಾವ ಬಣ್ಣ? ಕೆಂಪು. ಅಂದ್ಮೇಲೆ ಮೂಲದಲ್ಲಿ ಬೂದು ಬಣ್ಣದ ಕೆಳಗೆ ಎಲ್ಲಾದ್ರೂ ಒಂಚೂರು ಕೆಂಪು ಉಳಿದೇ ಇರುತ್ತೆ. ಕೆರೆದು ನೋಡಿದ್ರೆ ಆಯ್ತು.”

“ಬೇಡ, ಗೀರು ಬೀಳುತ್ತೆ,” ಎಂದ ಅಂಟಣ್ಣ. ಅಷ್ಟರಲ್ಲಿ ಗೀರು ಬಿದ್ದಿತ್ತು.

ಮೊದಲನೆಯದರಲ್ಲಿ ಬೂದು, ಅದರ ಕೆಳಗೆ ಬಿಳಿ. ಕೆಂಪು ಇಲ್ಲ. “ಹಾಗಾದ್ರೆ ಇದು ನಿಂದು,” ಎಂದು ಟೈಲರಣ್ಣ ಎರಡನೆಯದನ್ನು ಕೆರೆದ. ಬೂದು, ಕೆಳಗೆ ಬಿಳಿ. ಇನ್ನೂ ಮೂರು ಕಡೆ ಕೆರೆದ. ಒಳಗೆ ಕೆರೆದ, ಅಂಚಿನಲ್ಲಿ ಕೆರೆದ. ಎಲ್ಲೂ ಕೆಂಪಿಲ್ಲ.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ರೀ,” ಎಂದಳು ಹೆಂಡತಿ ಮೆಲ್ಲಗೆ, “ನೀವು ಎರಡು ನಕಲು ಮಾಡಿದ್ರಾ?”

“ಇಲ್ಲ ಕಣೆ. ಒಂದೇ.”

“ಜ್ಞಾಪಿಸ್ಕೊಳ್ಳಿ.”

ಅಂಟಣ್ಣ ಜ್ಞಾಪಿಸಿಕೊಂಡ. ಒಂದೇ ಮಾಡಿದ್ದು ಚೆನ್ನಾಗಿ ನೆನಪಿತ್ತು. ಇನ್ನೂ ಸ್ವಲ್ಪ ಜ್ಞಾಪಿಸಿಕೊಂಡಾಗ ಅಷ್ಟು ಚೆನ್ನಾಗಿ ನೆನಪಿರಲಿಲ್ಲ. ಇಲ್ಲಿರುವ ಎರಡೂ ನಕಲಾದರೆ ಮೂಲ ಎಲ್ಲಿ? ಎದ್ದು ಅಚ್ಚಿನೊಳಗೆ ಇಣುಕಿದ. ಮೇಜಿನ ಕೆಳಗೆ, ಮ್ಯಾಟಿನ ಸುರುಳಿಗಳ ಹಿಂದೆ, ಕೊನೆಗೆ ಮಂಚದ ಕೆಳಗೂ ನೋಡಿದ. ಅಜ್ಜ ಅವನ ಹಿಂದೆಯೇ ಓಡಾಡುತ್ತ, “ಯಾರಾದ್ರೂ ಎತ್ಕೊಂಡು ಹೋದ್ರೆ ಸದ್ದು ನಂಗೆ ಕೇಳಿಸ್ತಿತ್ತಲ್ಲ,” ಎಂದು ಹೇಳಿದ್ದನ್ನೇ ಹೇಳಿದ. ಅಂಟಣ್ಣನ ತಲೆ ಗಟ್ಟಿಯಾಗುತ್ತಿರುವ ರೆಸಿನ್ನಿನ ಡಬ್ಬಿಯ ಹಾಗೆ ಬಿಸಿಯೇರಿತ್ತು, ಹೊಗೆಯಾಡುವುದೊಂದು ಬಾಕಿ.

ನಾಲ್ಕು ಗಂಟೆಗೆ ಹುಡುಕುವುದನ್ನು ಬಿಟ್ಟ. ಗೀರುಗಳಿಗೆ ಪುಟ್ಟಿ ಮೆತ್ತಿದ, ಉಜ್ಜಿದ, ಎರಡಕ್ಕೂ ಮತ್ತೊಂದು ಸಲ ಬೂದು ಹೊಡೆದ. ಉದ್ದದ ಒಂದು ನೂಲು ವ್ಯತ್ಯಾಸವೂ ಕಣ್ಣಿಗೆ ಬೀಳದಿರಲೆಂದು ಇನ್ನೊಂದರ ಮೂತಿಯನ್ನೂ ಅಷ್ಟೇ ಉಜ್ಜಿದ. ಬೆಳಿಗ್ಗೆ ಅವು ಅವಳಿಜವಳಿಯಂತಿದ್ದವು. ಈಗ ಒಂದನ್ನು ನೋಡಿದರೆ ಕಣ್ಣು ಮಸುಕಾಗಿ ಎರಡು ಕಂಡಂತಿತ್ತು.

ಐದಕ್ಕೆ ಸರಿಯಾಗಿ ಕೆಂಪು ಕಾರು, ಒಂದು ಚಕ್ರದ ಮೇಲೆ ಮಡ್‌ಗಾರ್ಡಿಲ್ಲದೆ, ಬಂದು ನಿಂತಿತು. ಹೆಡ್‌ಮಾಸ್ತರರು ಇಳಿದು, ಚಪ್ಪಲಿ ಸಾಲು ಸರಿಯಿದೆಯೇ ನೋಡಿ, ಅಂಗಳಕ್ಕೆ ಬಂದರು. ಟೈಲರಣ್ಣ, ಅಜ್ಜ ಇಬ್ಬರೂ ಪಾಠ ಒಪ್ಪಿಸದ ಮಕ್ಕಳಂತೆ ಗೋಡೆಗೆ ಆತುಕೊಂಡರು. ಮಾವ ಎರಡು ಮಡ್‌ಗಾರ್ಡುಗಳ ಮುಂದೆ ನಿಂತು ಕೈ ಹಿಂದೆ ಕಟ್ಟಿದರು.

“ಅಳಿಯಂದ್ರೇ, ಇದರಲ್ಲಿ ನಂದು ಯಾವುದು?”

ಅಂಟಣ್ಣ ಒಂದನ್ನು ತೋರಿಸಿಬಿಡಬಹುದಿತ್ತು. ಕೈ ಅರ್ಧ ಮೇಲೆದ್ದಿತು. ಆದರೆ ಯಾವುದರ ಕಡೆಗೆ ಹೋಗಬೇಕೆಂದು ಕೈಗೂ ತಿಳಿಯಲಿಲ್ಲ.

“ಗೊತ್ತಿಲ್ಲ ಮಾವ,” ಎಂದ. “ಬೆಳಿಗ್ಗೆಯಿಂದ ನೋಡ್ತಾ ಇದೀನಿ. ದೇವರಾಣೆಗೂ ಗೊತ್ತಾಗ್ತಿಲ್ಲ. ಗುರುತು ಅಳಿಸಿ ಹೋಯ್ತು. ಕೆರೆದೂ ನೋಡಿದ್ವಿ. ತಪ್ಪಾಯ್ತು.”

ಮಾವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಆಮೇಲೆ ನಗು ಹೊರಗೆ ಬಂತು. ಅವರು ನಗುವುದನ್ನು ಮಗಳೇ ನೋಡಿ ವರ್ಷಗಳಾಗಿತ್ತು.

“ಪಾಸು! ಅಳಿಯಂದ್ರೇ, ನೀವು ಪಾಸು! ಮೂವತ್ತೈದು ವರ್ಷ ಪರೀಕ್ಷೆ ನಡೆಸಿದವನು ನಾನು. ಮೂಲಾನ ತಂದು ಸೀದಾ ನಿಮ್ಮ ಕೈಗೆ ಕೊಡ್ತೀನಾ? ನಾನು ಕೊಟ್ಟಿದ್ದೇ ನಕಲು. ಹಿಂದೆ ಬೇರೆ ಊರಲ್ಲಿ ಒಬ್ಬನ ಹತ್ರ ಮಾಡಿಸಿ ಅಟ್ಟದ ಮೇಲೆ ಹಾಕಿದ್ದೆ. ಅದರ ಪಕ್ಕ ನಿಮ್ಮದನ್ನ ಇಟ್ರೆ, ಮಾಡಿದವರಿಗೇ ಗೊತ್ತಾಗಬಾರದು. ಅಷ್ಟು ಚೆನ್ನಾಗಿದ್ರೆ ಮಾತ್ರ ಅಚ್ಚು ತೆಗೆಯೋಕೆ ಮೂಲ ಕೊಡೋದು ಅಂತ ಮೊದ್ಲೇ ತೀರ್ಮಾನ ಮಾಡಿದ್ದೆ.”

“ಅದಕ್ಕೇ ಕೆಂಪು ಸಿಗಲಿಲ್ಲ!” ಎಂದ ಟೈಲರಣ್ಣ. ಅಜ್ಜ ಕಣ್ಣೊರೆಸಿಕೊಂಡ. ಅಂಟಣ್ಣ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

“ಶೆಡ್ಡು ನಿಮ್ಮದು. ನಾಳೆ ಕಾಗದದಲ್ಲೂ ಬರೆದುಕೊಡ್ತೀನಿ,” ಎಂದು ಮಾವ ಕಾರಿನ ಹಿಂದಿನ ಸೀಟಿನಿಂದ ಕಂಬಳಿ ಸುತ್ತಿದ ಗಂಟೊಂದನ್ನು ಹಸುಗೂಸಿನಂತೆ ಎತ್ತಿ ತಂದರು. ಕಂಬಳಿ ಬಿಚ್ಚಿದಾಗ ಗಾಢ ಕೆಂಪು ಮಡ್‌ಗಾರ್ಡು ಹೊಳೆಯಿತು. “ಇದು ಮೂಲ. ಕಂಪನಿಯಿಂದ ಬಂದಿದ್ದು. ಮುಟ್ಟಿ ನೋಡಿ.”

ಅಂಟಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡ. ಅಂಥ ವಸ್ತು ಸಿಕ್ಕಾಗ ಅವನ ಬೆರಳುಗಳು ತಾವಾಗಿ ಒಳಮೈಗೆ ಹೋಗುತ್ತಿದ್ದವು. ಅಂಚಿನಗುಂಟ ಹೋದ ಬೆರಳು ನಿಂತಿತು. ಅಲ್ಲಿ ಒಂದು ಸಣ್ಣ ದುಂಡು ತಗ್ಗು. ಮುಂದೆ ಇನ್ನೊಂದು. ಸಮ ಅಂತರದಲ್ಲಿ ಸಾಲಾಗಿ ಇದ್ದವು. ಅವು ಏನೆಂದು ತಿಳಿದ ಕೂಡಲೇ, ಬೆಳಿಗ್ಗೆಯಿಂದ ಒಂದೂ ತಿಳಿಯದೆ ಒದ್ದಾಡಿದ ಮನುಷ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹೆಂಡತಿಗೆ ತಂದೆಯ ಸ್ವಭಾವವೂ ಗೊತ್ತು, ಗಂಡನ ಮುಖದ ಆ ಬೆಳಕೂ ಗೊತ್ತು. ಬೇಡ ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಅಂಟಣ್ಣ ಅವಳ ಕಡೆ ನೋಡಲಿಲ್ಲ.

“ಮಾವ! ಇದೂ ನಕಲೇ!”

“ಏನಂದ್ರಿ?”

“ಇಲ್ಲಿ ನೋಡಿ, ವೆಲ್ಡಿಂಗ್ ಚುಕ್ಕಿ! ಎರಡು ತಗಡು ಸೇರಿಸೋವಾಗ ಬೀಳೋ ಗುಳಿ. ಫೈಬರಿಗೆ ಯಾರು ವೆಲ್ಡಿಂಗ್ ಮಾಡ್ತಾರೆ? ಯಾರೋ ತಗಡಿನ ಮಡ್‌ಗಾರ್ಡಿಂದ ಅಚ್ಚು ತೆಗೆದಿದಾರೆ, ಅದರ ಗುಳಿಗಳೂ ಹಾಗೇ ಇಳಿದುಬಂದಿವೆ. ನಿಮ್ಮ ಬೂದಿನದನ್ನ ಮಾಡಿದವನು ಇವನ್ನ ತುಂಬಿ ಮುಚ್ಚಿಬಿಟ್ಟಿದಾನೆ. ಕಂಪನಿದು ತಗಡು, ಮಾವ. ನಿಮಗೆ ಮಾರಿದವನು ಟೋಪಿ ಹಾಕಿದಾನೆ. ಈ ಬಾರಿ ನನಗೆ ಖಂಡಿತ ಗೊತ್ತು!”

“ಒಂದು, ಎರಡು, ಮೂರು…” ಎಂದು ಅಜ್ಜ ಬೆರಳಾಡಿಸಿ ಗಟ್ಟಿಯಾಗಿ ಎಣಿಸತೊಡಗಿದ. “ಹನ್ನೊಂದಿವೆ ಹೆಡ್‌ಮಾಸ್ತರೇ.”

ಎಲ್ಲ ಕಂಪನಿಯದೇ ಎಂದು ಹೇಳಿ ಹಳೇ ಕಾರುಗಳ ಮೆರವಣಿಗೆಯಲ್ಲಿ ಮಾವ ಗೆದ್ದ ಮೂರು ಬೆಳ್ಳಿ ಲೋಟಗಳು ಮನೆಯ ಗಾಜಿನ ಬೀರುವಿನಲ್ಲಿದ್ದವು. ಕೆಂಪು ಮಡ್‌ಗಾರ್ಡನ್ನು ಅಳಿಯನ ಕೈಯಿಂದ ತೆಗೆದುಕೊಂಡರು. ಕಂಬಳಿಯಲ್ಲಿ ಸುತ್ತಿದರು. ಕಾರಿನಲ್ಲಿಟ್ಟು ಬಾಗಿಲು ಹಾಕಿದರು. ತಿರುಗಿ ಬಂದು ಬಹಳ ಮರ್ಯಾದೆಯಿಂದ ಹೇಳಿದರು:

“ಅಳಿಯಂದ್ರೇ, ನಾಳೆ ಐದರೊಳಗೆ ಶೆಡ್ಡು ಖಾಲಿ ಮಾಡಿ.”

“ಅಪ್ಪಾ!” ಎಂದಳು ಮಗಳು. “ಈಗ ತಾನೇ ಪಾಸು ಅಂದ್ರಿ!”

“ಅದಕ್ಕೇನಮ್ಮ? ಪಾಸಾದವರಿಗೆ ಎಲ್ಲಿ ಬೇಕಾದ್ರೂ ಜಾಗ ಸಿಗುತ್ತೆ.” ಮಾವ ಗೋಡೆಯ ಕಡೆ ತಿರುಗಿದರು. “ಹೊರಡೋ ಮುಂಚೆ ನಂದು ನಂಗೆ ಕೊಟ್ಟುಬಿಡಿ. ನಿಮ್ಮದು ನೀವು ತಗೊಂಡು ಹೋಗಿ. ನಿಮ್ಮ ಕೈಯಿಂದ ಮಾಡಿದ್ದು ನಂಗೆ ಒಂದೂ ಬೇಡ.”

ಗೋಡೆಗೊರಗಿದ ಎರಡು ಬೂದು ಮಡ್‌ಗಾರ್ಡುಗಳನ್ನು ಎಲ್ಲರೂ ನೋಡಿದರು.

“ಯಾವುದು ಮಾವ?” ಎಂದ ಅಂಟಣ್ಣ.

“ತಾಳಿ, ತಾಳಿ. ನನ್ನ ವಸ್ತು ನಂಗೆ ಗೊತ್ತಾಗಲ್ವೆ?” ಎಂದು ಹೆಡ್‌ಮಾಸ್ತರರು ಕನ್ನಡಕ ಏರಿಸಿ, ಪಂಚೆ ಮೇಲೆತ್ತಿ, ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತರು.

ಅಂಟಣ್ಣ ಒಳಗೆ ಹೋಗಿ ಸಾಮಾನು ಕಟ್ಟತೊಡಗಿದ. ರೆಸಿನ್ನಿನ ಡಬ್ಬಗಳನ್ನು ಹೊರಗೆ ತಂದಿಟ್ಟಾಗ ಮಾವ ಒಂದನ್ನು ಮೂಸುತ್ತಿದ್ದರು. ಮ್ಯಾಟಿನ ಸುರುಳಿಗಳನ್ನು ತಂದಿಟ್ಟಾಗ ಇನ್ನೊಂದನ್ನು.