ರಿಪೇರಿಗೆ ಮುಂಚಿನ ಫೋಟೋ

ಕ್ಯಾಮೆರಾ ಹಿಡಿದು ಯಾರ ಮನೆ ಬಾಗಿಲಿಗೆ ಹೋದರೂ ಏನಾದರೊಂದು ಆಗದೆ ವಾಪಸ್ ಬಂದವನಲ್ಲ ನಾನು. ತೊಂಬತ್ತರ ದಶಕದಲ್ಲಿ ಚಾಮರಾಜನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇತ್ತು. ಹಳೇ ಮನೆ ಕೆಡವದೆ ಇದ್ದ ಹಾಗೇ ರಿಪೇರಿ ಮಾಡಿಸಿದವರಿಗೆ ಮನೆ ಕಂದಾಯದಲ್ಲಿ ರಿಯಾಯಿತಿ ಅಂತ ಒಂದು ಆದೇಶ ಬಂತು. ಅರ್ಜಿ ಜೊತೆ ಎರಡು ಫೋಟೋ ಬೇಕು: ರಿಪೇರಿಗೆ ಮುಂಚಿನದು, ಆಮೇಲಿನದು. ಮದುವೆಗಳಿಲ್ಲದ ಆಷಾಢದಲ್ಲೂ ನನಗೆ ಕೆಲಸ ಸಿಕ್ಕಿತು.

ಮೊಕ ತೊಳೆದ ಮನೆ

ಗುಂಡ್ಲುಪೇಟೆಯ ಅರಿಸಿನ ವ್ಯಾಪಾರಿಯೊಬ್ಬರು ಮುಂಚಿನ ಫೋಟೋ ತೆಗೆಯಲು ಕರೆಸಿದರು. ಹೋಗಿ ನೋಡಿದರೆ ಬಿರುಕಿಗೆಲ್ಲ ಸಿಮೆಂಟು, ಗೋಡೆಗೆ ಸುಣ್ಣ. ಇನ್ನೂ ಒದ್ದೆ!

"ಹಾಳಾಗಿರೋದು ಕಾಣಬೇಕಿತ್ತಲ್ಲ ಯಜಮಾನ್ರೇ?" ಅಂದೆ.

"ನೀನು ಬತ್ತೀಯ ಅಂತಾನೇ ಮಾಡಿಸ್ದೆ ಕಣಯ್ಯ. ಫೋಟೋಗೆ ನಿಲ್ಲಾಗ ಮೊಕ ತೊಳಕಳಲ್ವಾ?"

ನಡುಬಾಗಿಲು

ಕುದೇರಿನಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟು, ತೊಟ್ಟಿಮನೆಯ ನಡುವೆ ಗೋಡೆ ಎಬ್ಬಿಸಿದ್ದರು. ರಿಪೇರಿ ಮಾಡಿಸುವವನು ಅಣ್ಣ. "ಫೋಟೋದಲ್ಲಿ ಅವನ ಕಂಬ ಒಂದೂ ಬರಬಾರ್ದು ಕಣ್ಲಾ" ಅಂದ. ಅದು ಕೇಳಿ ತಮ್ಮ ಹೊರಗೆ ಬಂದು, ತನ್ನ ಕಂಬಗಳಿಗೆ ತಾನೇ ಕಂಬಳಿ ಹೊದಿಸಿದ.

"ಮಧ್ಯದ ಈ ತಲೆಬಾಗಿಲು ಯಾರದು?" ಅಂತ ಕೇಳಿದೆ. ಹೊಸ್ತಿಲ ಮೇಲೆ ಕೂತಿದ್ದ ಅವರವ್ವ ಹೇಳಿದರು: "ನಂದು ಕಣಪ್ಪ. ನನ್ನ ಸೀಳಕ್ಕಾಗ್ನಿಲ್ಲ, ಅದ್ಕೇ ಇಲ್ಲಿ ಕೂರ್ಸವ್ರೆ."

ದೊಡ್ಡದು ಮಾಡಿಕೊಡು

ನಮ್ಮ ಬೀದಿಯಲ್ಲೇ ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರಿದ್ದರು. ಅವರ ಮನೆಯ ಮುಂಚಿನ ಫೋಟೋ ತೆಗೆದಾಗ ಜಗಲಿ ಮೇಲೆ ನಿಂತಿದ್ದ ಹೆಂಡತಿಯೂ ಅದರಲ್ಲಿ ಬಂದುಬಿಟ್ಟರು. ಹೆಂಚು ಇಳಿಸಿ ತೊಲೆ ಬದಲಾಯಿಸುವಷ್ಟರಲ್ಲಿ ಆಕೆಗೆ ಕಾಯಿಲೆ ಬಂತು. ಮನೆ ಮುಗಿಯಿತು, ಆಕೆ ಇರಲಿಲ್ಲ. ಆಮೇಲಿನ ಫೋಟೋ ತೆಗೆದು, ಅರ್ಜಿ ಕೊಡಲು ಅವರ ಜೊತೆ ನಾನೂ ಆಫೀಸಿಗೆ ಹೋದೆ.

ಗುಮಾಸ್ತ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ. "ಎರಡೂ ಒಂದೇ ಥರ ಇರಬೇಕು. ಇದರಲ್ಲಿ ಒಬ್ಬರು ಹೆಂಗಸಿದಾರೆ, ಇದರಲ್ಲಿ ಇಲ್ಲವಲ್ಲ?"

"ಮನೆ ನಿಂತ್ಕತು ಸಾ. ಅವಳ್ನ ನಿಲ್ಲುಸ್ಕಳಕ್ಕಾಗ್ನಿಲ್ಲ."

ಗುಮಾಸ್ತ ಸೀಲು ಹಾಕಿ ಕಳಿಸಿದ.

ರಿಯಾಯಿತಿ ಸಿಕ್ಕಿತು, ಆದರೆ ಫೋಟೋ ಫೈಲಿಗೆ ಹೋಯಿತು. ಆಕೆಯದು ಬೇರೆ ಫೋಟೋವೇ ಇರಲಿಲ್ಲವಂತೆ. ಸಂಜೆ ಪೋಸ್ಟ್‌ಮ್ಯಾನ್ ಸ್ಟುಡಿಯೋಗೆ ಬಂದರು. "ಮನೆ ಬ್ಯಾಡ ಕಣಪ್ಪ. ಅವಳೊಬ್ಬಳ್ನೇ ದೊಡ್ಡದು ಮಾಡ್ಕೊಡು."

ನೆಗೆಟಿವ್ ಬೆಳಕಿಗೆ ಹಿಡಿದೆ. "ಬಾಯಿ ತೆರೆದುಬಿಟ್ಟಿದಾರಲ್ಲ ಅಣ್ಣಾ. ಮುಚ್ಚಿಸೋಕೆ ನನ್ನ ಕೈಲಾಗಲ್ಲ."

ಅವರು ಕಣ್ಣೊರೆಸಿಕೊಂಡು ನಕ್ಕರು. "ನಲ್ವತ್ತು ವರ್ಸ ನನ್ ಕೈಲೇ ಆಗ್ನಿಲ್ಲ, ನಿನ್ ಕೈಲಿ ಎಲ್ಲಾದದು ಬುಡು. ಬೈತಾನೇ ಇರ್ಲಿ."