ಬಾನೆಟ್ಟಿನೊಳಗಿನ ಮರಿ

ಡ್ರಾಯಿಂಗ್ ಮೇಷ್ಟ್ರು ಕಾರು ಸ್ಟಾರ್ಟ್ ಮಾಡಿದ್ದೇ ತಡ, ಬಾನೆಟ್ಟಿನೊಳಗಿಂದ ‘ಕುಂಯ್ಯ್’ ಎಂಬ ಸಣ್ಣ ಅಳು ಕೇಳಿಸಿತು. ಅದನ್ನು ವಿಚಾರಿಸುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ತಮಗೆ ಒಪ್ಪಿಗೆಯಿಲ್ಲದ ಮದುವೆಯಾದಳೆಂದು ಅವರು ಮಗಳ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಇವತ್ತು ಅವಳ ರೈಲು ಇದೇ ಊರಿನ ಮೂಲಕ ಹಾದುಹೋಗುತ್ತಿತ್ತು. ‘ಅಪ್ಪ ಸ್ಟೇಷನ್ನಿಗೆ ಬಂದರೆ ಮುಖ ನೋಡಬಹುದು’ ಎಂದು ಸೋದರತ್ತೆಯ ಹತ್ತಿರ ಹೇಳಿ ಕಳಿಸಿದ್ದಳು.

“ನಿಲ್ಸಿ ಮೇಷ್ಟ್ರೇ!” ಎದುರುಮನೆ ಟೈಲರಕ್ಕ ಕತ್ತಿನಲ್ಲಿ ಅಳತೆಟೇಪು ನೇತಾಡಿಸಿಕೊಂಡೇ ಬಂದು ಕಾರಿಗೆ ಅಡ್ಡ ನಿಂತರು. “ಒಳಗೆ ಬೆಕ್ಕಿನ ಮರಿ ಸಿಕ್ಕಾಕ್ಕೊಂಡಿದೆ. ಕೇಳ್ಸಲ್ವಾ?”

“ನನ್ನ ಮಗಳು ರೈಲಲ್ಲಿ...”

“ಅದಕ್ಕೂ ಒಬ್ಬಳು ತಾಯಿ ಇರ್ತಾಳೆ!”

ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟ್, ಕರೆಯದೇ ಹೆರಿಗೆಗೆ ಬಂದ ಡಾಕ್ಟರನಂತೆ ಅಂಗಿಯ ತೋಳು ಮಡಚಿ, ಬಾನೆಟ್ಟು ಎತ್ತಿ ಒಳಗೆ ಕೈ ತೂರಿಸಿದ. ಅಡ್ಡ ಬಂದ ರಬ್ಬರ್ ಪೈಪೊಂದನ್ನು ಕಿತ್ತೇಬಿಟ್ಟ. ಎಂಜಿನ್ನು ಚಳಿಜ್ವರ ಬಂದಂತೆ ಗಡಗಡ ನಡುಗಿ ನಿಂತಿತು. ಅಳುವೂ ನಿಂತಿತು.

“ಅಯ್ಯೋ, ಜೀವ ಹೋಯ್ತು!” ಟೈಲರಕ್ಕ ಕಣ್ಣೊರೆಸಿಕೊಂಡರು.

ಬೀದಿ ಕೊನೆಯ ಮೆಕ್ಯಾನಿಕ್ ಬಂದು ಪೈಪು ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಮತ್ತೆ ಅಳು. ಆಯಿಲ್ ನೋಡುವ ಕಡ್ಡಿಯನ್ನು ಚೂರು ಮೇಲೆತ್ತಿದ, ಅಳು ಗಪ್‌ಚಿಪ್. ಒತ್ತಿದ, ಮತ್ತೆ ಶುರು.

“ಮರಿಯೂ ಇಲ್ಲ, ಮಣ್ಣೂ ಇಲ್ಲ. ಟರ್ಬೊ ಎಂಜಿನ್ನು ಸಾರ್. ಒಳಗಿನ ಹೊಗೆ ಎಳ್ಕೊಳ್ಳೋ ವಾಲ್ವಲ್ಲಿ ರಬ್ಬರ್ ಪೊರೆ ಹರ್ದಿದೆ. ಆ ಸಂದೀಲಿ ಹೊರಗಿನ ಗಾಳಿ ನುಗ್ಗಿ ಹೀಗೆ ಅಳತ್ತೆ. ಮೆಲ್ಲಗೆ ಹೋಗ್ಬನ್ನಿ, ನಾಳೆ ಬದಲಾಯ್ಸೋಣ.”

ಟೈಲರಕ್ಕ ನಂಬಲಿಲ್ಲ. ಮುಂದಿನ ಸೀಟಿನಲ್ಲಿ ಒಂದು ಬಟ್ಟಲು ಹಾಲಿಟ್ಟರು. “ದಾರೀಲಿ ಹೊರಗೆ ಬಂದ್ರೆ ಕುಡ್ಸಿ.”

ಮೊದಲ ತಿರುವಿನಲ್ಲೇ ಹಾಲು ಮೇಷ್ಟ್ರ ಪ್ಯಾಂಟಿಗೆ ಅಭಿಷೇಕವಾಯಿತು. ಸಿಗ್ನಲ್ಲಿನಲ್ಲಿ ಕಾರು ಬಿಕ್ಕುತ್ತಿದ್ದರೆ ಪಕ್ಕದ ಸ್ಕೂಟರಿನವನು ಮೇಷ್ಟ್ರ ಮುಖವನ್ನೇ ಮರುಕದಿಂದ ನೋಡಿದ. ಮೇಷ್ಟ್ರು ಮಾತ್ರ ‘ತಪ್ಪು ನಂದೇ ಮಗಳೇ’ ಎಂಬುದನ್ನು ಬಾಯಿಪಾಠ ಮಾಡುತ್ತಿದ್ದರು.

ಎದ್ದೆನೋ ಬಿದ್ದೆನೋ ಎಂದು ಪ್ಲಾಟ್‌ಫಾರ್ಮಿಗೆ ಓಡಿದರೆ, ರೈಲೇ ತಡ! ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಅಪ್ಪಾ, ಸ್ಟೇಷನ್‌ಗೆ ಬಂದಿಲ್ಲ ತಾನೇ?”

ಎಷ್ಟೋ ವರ್ಷಗಳ ಮೇಲೆ ಕೇಳಿದ ದನಿ. “ಯಾಕಮ್ಮಾ?” ಎಂದರು.

“ನಾನು ಆ ರೈಲು ಹತ್ಲೇ ಇಲ್ಲ. ಹೇಗೂ ನೀನು ಬರಲ್ಲ. ಸುಮ್ನೆ ಕಿಟಕೀಲಿ ಇಣುಕಿ ಇಣುಕಿ ನೋಡೋದು ಯಾಕೆ ಅಂತ ಬೆಳಿಗ್ಗೆ ಬಸ್ಸಿಗೇ ಹೊರಟುಬಿಟ್ಟೆ.”

ಮೇಷ್ಟ್ರು ಹಾಲಿನಿಂದ ಒದ್ದೆಯಾದ ಪ್ಯಾಂಟನ್ನು ಕೊಡವಿಕೊಂಡರು. “ಒಳ್ಳೇದಾಯ್ತು ಬಿಡು. ನಾನೂ ಮನೇಲೇ ಇದ್ದೀನಿ. ಕಾರು ಕೆಟ್ಟಿತ್ತು.”

ಆ ಹೊತ್ತಿಗೆ ರೈಲು ಊರಿಗೆಲ್ಲ ಕೇಳುವಂತೆ ಕೂಗುತ್ತ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು.

“ಅಪ್ಪಾ...” ಎಂದಳು ಮಗಳು.

ರೈಲು ಹೊರಡುವವರೆಗೂ ಇಬ್ಬರೂ ಫೋನು ಇಡಲಿಲ್ಲ, ಮಾತೂ ಆಡಲಿಲ್ಲ.