ಸ್ಟಾರು ಕೊಟ್ಟ ಮೇಡಂ, ಬೆತ್ತ ಕಳಕೊಂಡ ವಾರ್ಡನ್ನು

ನಮ್ಮ ಹೋಮಿನಲ್ಲಿ ನಗೋ ಅಂಥದ್ದು ಏನೂ ನಡೆಯದ ವಾರ ಅಂತ ಒಂದಿದ್ದರೆ, ಅದು ನಾನು ರಜೆ ಹಾಕಿದ ವಾರವೇ ಇರಬೇಕು. ಆಗಲೂ ನಡೆದೇ ಇರುತ್ತೆ, ಬಂದು ನೆಟ್ಟಗೆ ಹೇಳೋರು ಇರೋಲ್ಲ ಅಷ್ಟೆ.

ಹೋಮು ಅಂದರೆ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನ ಕೇಸು ಮುಗಿಯೋವರೆಗೆ ಇಟ್ಟುಕೊಳ್ಳೋ ಸರ್ಕಾರಿ ಜಾಗ. ಊರಿಂದಾಚೆ ಗುಡ್ಡದ ಮೇಲೆ ಇತ್ತು. ಬೈಕು ಕದ್ದೋನು, ಎಸ್ಟೇಟಿನ ಮೆಣಸು ಕದ್ದೋನು, ಮೊಬೈಲು ಎಗರಿಸಿದೋನು, ಬಸ್‌ಸ್ಟ್ಯಾಂಡಲ್ಲಿ ಹೊಡೆದಾಡಿ ಬಂದೋನು, ಹೀಗೆ ಒಂದಿಪ್ಪತ್ತು ಜನ ಯಾವಾಗಲೂ ಇರುತ್ತಿದ್ದರು. ಅವರಿಗೆ ಅಡುಗೆ ಮಾಡಿ ಹಾಕೋಳು ನಾನು. ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದು, ಅಲ್ಲಿಂದ ಈ ಗುಡ್ಡ ಹತ್ತಿದ ಸಂಸಾರ ನಮ್ಮದು. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಡುಗೆಮನೆ ಕಿಟಕೀಲಿ ನಿಂತರೆ ಆಫೀಸೂ ಕಾಣುತ್ತೆ, ಅಂಗಳವೂ ಕಾಣುತ್ತೆ, ಗೇಟೂ ಕಾಣುತ್ತೆ. ಇನ್ನು ಓದೋಕೆ ಏನು ಉಳೀತು?

ಹೊಸದಾಗಿ ಒಬ್ಬರು ಸೂಪರಿಂಟೆಂಡೆಂಟ್ ಮೇಡಂ ಬಂದರು. ಬಯಲುಸೀಮೆಯವರು, ನಮ್ಮ ಚಳಿಗೆ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ದಿಂಬಿನ ಹಾಗೆ ಓಡಾಡೋರು. ಬಂದ ದಿನವೇ ವಾರ್ಡನ್ನರ ಬೆತ್ತ ಈಸಿಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿದರು. "ಒಳ್ಳೇದು ಮಾಡಿದರೆ ಸ್ಟಾರು. ಹತ್ತು ಸ್ಟಾರಿಗೆ ಒಂದು ಆಮ್ಲೆಟ್ಟು. ತಪ್ಪು ಮಾಡಿದರೆ ಕೆಲಸ. ಹೆದರಿಸೋದು ಇವತ್ತಿಗೆ ಮುಗೀತು" ಅಂದರು. ವಾರ್ಡನ್ನು ಮಿಲಿಟರಿಯಿಂದ ಬಂದವರು. ಬೆತ್ತ ಹೋದ ಮೇಲೆ ಆ ಕೈಯನ್ನ ಎಲ್ಲಿಡಬೇಕು ಅಂತ ಗೊತ್ತಾಗದೆ ಮೀಸೆ ಮೇಲಿಟ್ಟುಕೊಂಡು ಹೋಗಿ ಜಿಲ್ಲೆಯ ಸಾಹೇಬರಿಗೆ ದೂರು ಕೊಟ್ಟರು. ಸಾಹೇಬರು ಹೋಮಿಗೇ ಬಂದು ಇಬ್ಬರನ್ನೂ ಆಫೀಸಿನಲ್ಲಿ ಕೂರಿಸಿ ಹೇಳಿದ್ದು ಇಷ್ಟು: "ಮೂರು ತಿಂಗಳು ನೋಡೋಣ. ಅಷ್ಟರಲ್ಲಿ ಒಬ್ಬ ಹುಡುಗ ತಪ್ಪಿಸಿಕೊಂಡರೂ ಮೇಡಂ ಬೇರೆ ಕಡೆಗೆ, ಹೋಮು ವಾರ್ಡನ್ ಕೈಗೆ."

ಬಾಗಿಲು ಹಾಕಿಕೊಂಡು ಆಡಿದ ಈ ಮಾತು ಸಂಜೆಯೊಳಗೆ ಅಷ್ಟೂ ಹುಡುಗರಿಗೆ ಹೇಗೆ ಗೊತ್ತಾಯ್ತು ಅಂತ ಮೇಡಂಗೆ ಬಹಳ ಆಶ್ಚರ್ಯ. ಆ ಬಾಗಿಲಿಗೆ ಕಾಫಿ ತಗೊಂಡು ಹೋದವಳು ಯಾರು ಅಂತ ಮಾತ್ರ ಅವರು ಕೇಳಲಿಲ್ಲ.

ಬೆನ್ನಿಗೆ ಬಂದ ಬಿರುದು

ಸ್ಟಾರು ಅಂದರೆ ಹಿಂದೆ ಅಂಟು ಇರೋ ಬಂಗಾರದ ಬಣ್ಣದ ಚೀಟಿ. ವರಾಂಡದ ಗೋಡೆ ಮೇಲೆ ದೊಡ್ಡ ಚಾರ್ಟು, ಅದರಲ್ಲಿ ಒಬ್ಬೊಬ್ಬ ಹುಡುಗನಿಗೂ ಒಂದು ಸಾಲು. ಮೇಡಂ ಊರಲ್ಲಿ ಅಂಟಿಸಿದ್ದು ಅಂಟಿಕೊಂಡೇ ಇರುತ್ತೇನೋ. ನಮ್ಮಲ್ಲಿ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುತ್ತೆ. ಬೆಳಿಗ್ಗೆ ಹಚ್ಚಿದ ಸ್ಟಾರು ಮಧ್ಯಾಹ್ನಕ್ಕೆ ತೂಗಾಡೋದು.

ಒಂದಿನ ಊಟ ಆದ ಮೇಲೆ ವಾರ್ಡನ್ನು ಅದೇ ಗೋಡೆಗೆ ಕುರ್ಚಿ ಒರಗಿಸಿ ಕಾವಲು ಕೂತರು. ಅವರು ಕಾವಲು ಕೂತರೆ ಗೊರಕೆ ಗೇಟಿನವರೆಗೆ ಕೇಳುತ್ತೆ. ಅರ್ಧ ಗಂಟೆ ಬಿಟ್ಟು ಎದ್ದು, ಕೈ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ಅಂಗಳದಲ್ಲಿ ರೌಂಡು ಹೊರಟರು. ಹಿಂದಿನಿಂದ ನೋಡಿದ ಹುಡುಗರೆಲ್ಲ ಸಾಲಾಗಿ ನಿಂತು ಸೆಲ್ಯೂಟು ಹೊಡೆಯೋಕೆ ಶುರು ಮಾಡಿದರು. ವಾರ್ಡನ್ನರಿಗೆ ಎದೆ ಉಬ್ಬಿತು. ಅಡುಗೆಮನೆಗೇ ಬಂದು, "ನೋಡಿದೆಯೇನಮ್ಮಾ, ಬೆತ್ತ ಇಲ್ಲದಿದ್ದರೂ ಗೌರವ ಹೇಗಿದೆ!" ಅಂದರು.

"ಹೌದು ಸಾರ್, ಹಿಂದಕ್ಕೆ ತಿರುಗಿ ಒಂದು ಸಲ" ಅಂದೆ.

ಖಾಕಿ ಬೆನ್ನ ತುಂಬ ಹನ್ನೊಂದು ಸ್ಟಾರು ಮಿಣಮಿಣ ಅಂತಿದ್ದವು.

ಚಾರ್ಟಿನಲ್ಲಿ ಸಾಲು ಖಾಲಿ ಆದೋರು ಓಡಿಬಂದು ಅವರ ಸುತ್ತ ಗಲಾಟೆ ಎಬ್ಬಿಸಿದರು. "ನಂದು ವಾಪಸ್ ಕೊಡಿ ಸಾರ್, ಇಲ್ಲ ಅಂದರೆ ನಿಮ್ಮ ಆಮ್ಲೆಟ್ಟಲ್ಲಿ ನನಗೆ ಅರ್ಧ!" ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಇದ್ದರೂ ಅವರ ಭುಜಕ್ಕೆ ಒಂದು ಸ್ಟಾರೂ ಬಂದಿರಲಿಲ್ಲ, ಪಾಪ. ಇಲ್ಲಿ ಒಂದು ನಿದ್ದೆಗೆ ಹನ್ನೊಂದು.

ಶಿಕ್ಷೆಗೆ ಪೈಪೋಟಿ

ತಪ್ಪಿಗೆ ಏನು ಕೆಲಸ ಕೊಡೋದು ಅಂತ ಯೋಚಿಸಿ ಮೇಡಂ ಅಡುಗೆಮನೆ ಕೆಲಸ ಅಂತ ಮಾಡಿದರು. ಬೆಳ್ಳುಳ್ಳಿ ಸುಲಿಯೋದು, ಈರುಳ್ಳಿ ಹೆಚ್ಚೋದು, ಪಾತ್ರೆ ತೊಳೆಯೋದು. "ಕಣ್ಣಲ್ಲಿ ನೀರು ಬಂದರೆ ಬುದ್ಧಿ ಬರುತ್ತೆ" ಅಂತ ಅವರ ಲೆಕ್ಕಾಚಾರ.

ಬಯಲುಸೀಮೆಯವರಿಗೆ ಒಂದು ವಿಷಯ ಹೊಳೆಯಲಿಲ್ಲ. ಗಾಳಿಬೀಡಿನ ಕಡೆಯಿಂದ ಗಾಳಿ ಬೀಸೋಕೆ ಶುರು ಮಾಡಿದರೆ ನಮ್ಮ ಗುಡ್ಡದ ಮೇಲೆ ಹಲ್ಲು ಹಲ್ಲು ಕಡಿಯೋ ಹಾಗೆ ಆಗುತ್ತೆ. ಇಡೀ ಹೋಮಿಗೆ ಬೆಚ್ಚಗಿನ ಜಾಗ ಅಂದರೆ ನನ್ನ ಸೌದೆ ಒಲೆ ಮುಂದೆ ಮಾತ್ರ. ಅದರ ಮೇಲೆ ನಾನು ಕೆಂಡದಲ್ಲಿ ಹಲಸಿನ ಬೀಜ ಬೇರೆ ಸುಡುತ್ತಿದ್ದೆ. ಮೊದಲ ದಿನ ಶಿಕ್ಷೆಗೆ ಬಂದ ಬೈಕಿನ ಹುಡುಗ ಸಂಜೆ ಹೋಗಿ ಏನು ಹೇಳಿದನೋ, ಮಾರನೇ ದಿನ ಬೆಳಿಗ್ಗೆಯಿಂದ ಹೋಮಿನಲ್ಲಿ ದೊಂಬಿ! ಒಬ್ಬ ಬಕೆಟ್ ಬೋರಲು ಹಾಕಿದ, ಒಬ್ಬ ಚಾಪೆ ಮಾಡಿನ ಮೇಲೆ ಎಸೆದ, ಎಂದೂ ಬಾಯಿ ಬಿಡದ ಒಬ್ಬ ಗೋಡೆ ಮುಂದೆ ನಿಂತು ಅದಕ್ಕೇ ಬೈದ. ಹನ್ನೊಂದು ಗಂಟೆಗೆ ನನ್ನ ಒಲೆ ಸುತ್ತ ಒಂಬತ್ತು ಅಪರಾಧಿಗಳು, ಒಬ್ಬೊಬ್ಬರ ಕೈಲೂ ಒಂದೊಂದು ಬೆಳ್ಳುಳ್ಳಿ.

ಹತ್ತನೆಯವನು ಕಿಟಕಿಗೆ ಬಂದು ಅಳು ಮುಖ ಮಾಡಿದ. "ಅಜ್ಜೀ, ಬೆಳಿಗ್ಗೆಯಿಂದ ಮೂರು ಜನಕ್ಕೆ ಬೈದಿದೀನಿ. ಒಬ್ಬನೂ ಹೋಗಿ ಚಾಡಿ ಹೇಳ್ತಿಲ್ಲ."

"ಕೆಟ್ಟ ಸಹವಾಸ ನಿಂದು. ಹೋಗಿ ವಾರ್ಡನ್ ಸಾರ್ ಮುಂದೆ ಬೈ" ಅಂತ ದಾರಿ ತೋರಿಸಿದೆ.

ಅವನು ಹುಡುಕಿಕೊಂಡು ಹೊರಟ. ವಾರ್ಡನ್ನು ವರಾಂಡದಲ್ಲೂ ಇಲ್ಲ, ಆಫೀಸಲ್ಲೂ ಇಲ್ಲ. ಎಲ್ಲ ಸುತ್ತಿ ವಾಪಸು ಬಂದರೆ ನನ್ನ ಒಲೆ ಮುಂದೆ ಮಣೆ ಹಾಕಿಕೊಂಡು, ಅಂಗೈ ಚಾಚಿ ಕೂತಿದ್ದಾರೆ, ಬಾಯಲ್ಲಿ ಹಲಸಿನ ಬೀಜ. ಪಕ್ಕದಲ್ಲಿದ್ದ ಬೈಕಿನ ಹುಡುಗ ಸ್ವಲ್ಪ ಸರಿದು ಜಾಗ ಕೊಟ್ಟು ಕನಿಕರದಿಂದ ಕೇಳಿದ:

"ಸಾರ್, ನೀವು ಏನು ಮಾಡಿ ಸಿಕ್ಕಿಬಿದ್ರಿ?"

ಆರು ಗಂಟೆವರೆಗೆ ಮೌನ

ಬೆತ್ತ ಇಲ್ಲದ ವಾರ್ಡನ್ನು ತಮ್ಮದೇ ಒಂದು ಶಿಕ್ಷೆ ಕಂಡುಹಿಡಿದರು, ಮೌನ. ಮೆಣಸು ಕದ್ದ ಹುಡುಗ ಒಬ್ಬ ಇದ್ದ, ಎಳನೀರು ಕೊಚ್ಚಿದ ಹಾಗೆ ಮಾತು. ಬೆಳಿಗ್ಗೆ ಅವರ ಹಿಂದೆ ಹಿಂದೆ "ಸಾರ್, ಸಾರ್" ಅಂತ ಹೋದವನಿಗೆ, "ಬಾಯ್ಮುಚ್ಚು! ಸಂಜೆ ಆರರವರೆಗೆ ಒಂದಕ್ಷರ ಆಡಿದರೆ ನಾಳೆಯೂ ಮೌನ" ಅಂದುಬಿಟ್ಟರು.

ಸಂಜೆ ಐದೂವರೆಗೆ ಆ ಹುಡುಗ ನನ್ನ ಮುಂದೆ ಬಂದು ಕುಣಿಯೋಕೆ ಶುರು ಮಾಡಿದ. ಮೀಸೆ ತಿರುವಿದ, ಹೊಟ್ಟೆ ಮುಂದೆ ತಂದ, ಎರಡು ಕೈಲೂ ಗಾಳಿಗೆ ಗುದ್ದಿದ. ಹೊಟ್ಟೆ ನೋವು ಇರಬೇಕು ಅಂತ ಓಮದ ಕಷಾಯ ಕೊಟ್ಟೆ. ಕುಡಿದ. ಕುಡಿದು ಮತ್ತೆ ಕುಣಿದ. ಕೊನೆಗೆ ನನ್ನ ಸೆರಗು ಹಿಡಿದು ಹಿತ್ತಿಲ ಸ್ಟೋರಿನ ಹತ್ತಿರ ಎಳಕೊಂಡು ಹೋದ. ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿದೆ, ತುಕ್ಕು ಹಿಡಿದು ಬಿಗಿಯಾಗಿದೆ. ಒಳಗಿಂದ ವಾರ್ಡನ್ನರ ಗುದ್ದು.

"ಯಾರದು ಹೊರಗೆ? ಹೆಜ್ಜೆ ಸಪ್ಪಳ ಕೇಳುತ್ತೆ, ಮಾತಾಡೋ!"

ಹುಡುಗ ಮುಚ್ಚಿದ ಬಾಗಿಲಿಗೆ ಇಲ್ಲ ಇಲ್ಲ ಅಂತ ತಲೆ ಆಡಿಸಿದ.

"ಶಿಕ್ಷೆ ಕ್ಯಾನ್ಸಲ್ ಕಣೋ! ಮಾತಾಡೋ ಮಾರಾಯ!"

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಇಂಥದ್ದು ದಿನಾ ಸಿಗುತ್ತಾ? ಆಮೇಲೆ ಒನಕೆ ತಂದು ಚಿಲಕ ಎಬ್ಬಿಸಿದೆ. ಈಚೆ ಬಂದವರ ಮೀಸೆಯ ತುಂಬ ಜೇಡರಬಲೆ. ಅಷ್ಟು ಹೊತ್ತಿಗೆ ಆಫೀಸಿನ ಗಡಿಯಾರ ಆರು ಹೊಡೆಯಿತು. ಹುಡುಗ ದೊಡ್ಡದೊಂದು ಉಸಿರು ಬಿಟ್ಟು ಹೇಳಿದ:

"ಸಾರ್, ಸ್ಟೋರಿನ ಚಿಲಕ ಗಾಳಿಗೆ ತಾನೇ ಬಿದ್ದುಕೊಳ್ಳುತ್ತೆ, ಹುಷಾರು ಅಂತ ಬೆಳಿಗ್ಗೆ ಹೇಳೋಕೆ ಬಂದೆ. ಆಗಲೇ ನೀವು ಬಾಯ್ಮುಚ್ಚು ಅಂದಿದ್ದು."

ಕಿತ್ತಳೆ ಹಣ್ಣು

ದಿನಾ ಸಂಜೆ ಮೇಡಂ ಎಲ್ಲರನ್ನೂ ದುಂಡಗೆ ಕೂರಿಸೋರು. ಒಬ್ಬೊಬ್ಬನೂ ಎದ್ದು ಅವತ್ತು ಬೇರೆಯವರು ಮಾಡಿದ್ದರಲ್ಲಿ ತಾನು ಕಂಡ ಒಂದು ಒಳ್ಳೇ ಕೆಲಸ ಹೇಳಬೇಕು. ಹೇಳಿದವನಿಗೂ ಒಂದು ಸ್ಟಾರು, ಮಾಡಿದವನಿಗೂ ಒಂದು. ಹಂಡೆಗೆ ನೀರು ತುಂಬಿದ, ನನ್ನ ಅಂಗಿ ಒಣಗಿಸಿದ, ಬರೀ ಇಂಥದ್ದೇ. ನನಗಂತೂ ತೂಕಡಿಕೆ.

ಅವತ್ತು ಚಿಕ್ಕವನೊಬ್ಬ ಎದ್ದ. "ಪಿ.ಟಿ. ಸಾರು ಒಳ್ಳೇ ಕೆಲಸ ಮಾಡಿದರು ಮೇಡಂ. ಕೌನ್ಸೆಲಿಂಗ್ ಮಿಸ್ಸಿಗೆ ಕಿತ್ತಳೆ ಹಣ್ಣು ಸುಲಿದು ಕೊಟ್ಟರು."

"ವೆರಿ ಗುಡ್" ಅಂದರು ಮೇಡಂ.

"ನಾರು ಎಲ್ಲ ತೆಗೆದು ಒಂದೊಂದೇ ತೊಳೆ ಬಾಯಿಗೇ ಇಟ್ಟರು ಮೇಡಂ. ಮಿಸ್ಸು ಬೀಜ ಉಗುಳಲಿ ಅಂತ ಸಾರೇ ಅಂಗೈ ಹಿಡಿದರು."

ನನ್ನ ತೂಕಡಿಕೆ ಹಾರಿಹೋಯ್ತು. ಎರಡು ವಾರದಿಂದ ಕಿಟಕಿಯಲ್ಲಿ ಕತ್ತು ನೋಯಿಸಿಕೊಂಡರೂ ಇವರಿಬ್ಬರ ವಿಷಯದಲ್ಲಿ ನನಗೆ ಸಿಕ್ಕಿದ್ದು ಬರೀ ಅನುಮಾನ. ಪಿ.ಟಿ. ಮೇಷ್ಟ್ರು ಕಿವಿತನಕ ಕೆಂಪು. ಮಿಸ್ಸು ಫೈಲು ಮುಖಕ್ಕೆ ಹಿಡಿದರು, ತಲೆಕೆಳಗಾಗಿ.

"ಎಲ್ಲಿ ಕಂದಾ?" ಅಂತ ನಾನೇ ಕೇಳಿದೆ. ಕೇಳದೆ ಇರೋಕೆ ನನ್ನ ಕೈಲಾಗುತ್ತಾ?

"ಸೌದೆ ಶೆಡ್ಡಿನ ಹಿಂದೆ ಅಜ್ಜಿ. ಮಿಸ್ಸೂ ಒಳ್ಳೇದು ಮಾಡಿದರು, ದುಪ್ಪಟ್ಟಾದಲ್ಲಿ ಸಾರ್ ಬಾಯಿ ಒರೆಸಿದರು."

ವಾರ್ಡನ್ನು ಎದ್ದು ನಿಂತರು. "ನೋಡಿದಿರಾ ಮೇಡಂ? ಇದು ಹೋಮಾ? ಇಲ್ಲಿ ಶಿಸ್ತು ಅನ್ನೋದು ಇದೆಯಾ?"

"ಇದೆ ಸಾರ್" ಅಂದ ಹುಡುಗ ಧೈರ್ಯವಾಗಿ. "ಸಿಪ್ಪೆ ಬುಟ್ಟಿಗೇ ಹಾಕಿದರು."

ಆರು ಹೋದದ್ದು

ಮೂರು ತಿಂಗಳ ಕೊನೇ ವಾರ. ಮೇಡಂ ಹುಡುಗರ ಕೇಸು ನೋಡೋ ಬೋರ್ಡಿನವರ ಒಪ್ಪಿಗೆ ತಗೊಂಡು, ಜಾಸ್ತಿ ಸ್ಟಾರು ಬಂದ ಆರು ಹುಡುಗರನ್ನ ಕುಶಾಲನಗರದ ಕಡೆ ಒಂದು ಹಾಕಿ ಮ್ಯಾಚು ನೋಡೋಕೆ ಕಳಿಸೋದು ಅಂತ ಮಾಡಿದರು. ಗೋಡೆಯಿಂದ ಆಚೆಗೆ! ಬೆಂಕಿ ಮೇಲೆ ನಡೆಯೋ ಕೆಲಸ. ಒಬ್ಬ ಜನದಲ್ಲಿ ನುಸುಳಿ ಮಾಯವಾದರೂ ಮೇಡಂ ಗಂಟುಮೂಟೆ ಕಟ್ಟಬೇಕು, ಬೀರುವಿನ ಬೆತ್ತ ಈಚೆ ಬರುತ್ತೆ. ಹುಡುಗರ ಜೊತೆಗೆ ಹೋದವರು ಯಾರು ಅಂದರೆ ಪಿ.ಟಿ. ಮೇಷ್ಟ್ರು ಮತ್ತು ಕೌನ್ಸೆಲಿಂಗ್ ಮಿಸ್ಸು!

ಸಂಜೆ ಲೆಕ್ಕ ನೋಡೋಕೆ ಸಾಹೇಬರೇ ಬಂದು ಗೇಟಿನಲ್ಲಿ ನಿಂತರು. ಮೇಡಂ ನಾಲ್ಕನೇ ಸ್ವೆಟರಿನೊಳಗೂ ನಡುಗುತ್ತಿದ್ದರು. ವಾರ್ಡನ್ನು ಜೇಬಿನಿಂದ ಒಂದು ಕಾಗದ ತೆಗೆದು ನನಗೆ ಮಾತ್ರ ಕಾಣೋ ಹಾಗೆ ಹಿಡಿದರು. "ಒಬ್ಬ ಬಾಲಕನು ತಪ್ಪಿಸಿಕೊಂಡಿರುತ್ತಾನೆ" ಅಂತ ಆಗಲೇ ಬರೆದು ಸಹಿ ಹಾಕಿ ಇಟ್ಟಿದ್ದಾರೆ, ಹೆಸರಿನ ಜಾಗ ಮಾತ್ರ ಖಾಲಿ. "ನನ್ನ ಕಾಲದಲ್ಲಿ ಓಡಿಹೋದವನು ಒಬ್ಬನೇ ಕಣಮ್ಮ, ಹೋದ ವರ್ಷ, ಗೋಡೆ ಹಾರಿ. ಇವತ್ತು ನೋಡು ಎಷ್ಟು ಅಂತ" ಅಂದರು.

ವ್ಯಾನು ಬಂತು. ಮುಂದಿನ ಸೀಟಿನಲ್ಲಿ ಮೇಷ್ಟ್ರೂ ಮಿಸ್ಸೂ ಒತ್ತಿಕೊಂಡು ಕೂತಿದ್ದಾರೆ, ಅವರ ಕಣ್ಣು ಹಿಂದಿನ ಸೀಟಿಗೆ ಯಾವಾಗ ಹೋದೀತು? ಹಿಂದಿನ ಬಾಗಿಲು ತೆರೀತು. ದಾರಿಯಲ್ಲಿ ಮಳೆ ಹನಿದಿತ್ತು, ಎಲ್ಲ ತಲೆಗೂ ಪ್ಲಾಸ್ಟಿಕ್ಕು. ವಾರ್ಡನ್ನು ಜೋರಾಗಿ ಎಣಿಸಿದರು: "ಒಂದು, ಎರಡು, ಮೂರು, ನಾಲ್ಕು, ಐದು..." ಮೇಡಂ ನನ್ನ ಕೈ ಹಿಂಡಿದರು. "...ಆರು." ವಾರ್ಡನ್ನರ ಮೀಸೆ ಜೋತುಬಿತ್ತು. ಮೇಡಂ ಕಣ್ಣಲ್ಲಿ ನೀರು.

ಆಗ ವ್ಯಾನಿನೊಳಗಿಂದ ಇನ್ನೊಂದು ಕಾಲು ಈಚೆ ಬಂತು.

"ಏಳು" ಅಂದರು ವಾರ್ಡನ್ನು. ಹಿಂದಿನಿಂದ ಮುಂದಕ್ಕೆ ಮತ್ತೆ ಎಣಿಸಿದರು. ಏಳು. ಸಾಹೇಬರು ಕನ್ನಡಕ ಒರೆಸಿಕೊಂಡು ಎಣಿಸಿದರು. ಏಳೇ.

"ರೀ ಮೇಷ್ಟ್ರೇ, ಎಷ್ಟು ಜನ ಕರಕೊಂಡು ಹೋಗಿದ್ರಿ?"

"ಆರು ಸಾರ್."

"ಬರುವಾಗ ಎಣಿಸಲಿಲ್ವಾ?"

"ಕಮ್ಮಿ ಇದೆಯಾ ಅಂತ ಎಣಿಸಿದೆ ಸಾರ್. ಜಾಸ್ತಿ ಇರಬಹುದು ಅಂತ ಅನ್ನಿಸಲಿಲ್ಲ."

ಸಾಹೇಬರು ವಾರ್ಡನ್ ಕಡೆ ತಿರುಗಿದರು. "ಕಮ್ಮಿಯಾದರೆ ಏನು ಮಾಡಬೇಕು ಅಂತ ರೂಲ್ಸಿದೆ. ಹೆಚ್ಚಾದರೆ ಏನ್ರಿ ಮಾಡೋದು?"

ಏಳನೆಯವನು ತಲೆಯ ಪ್ಲಾಸ್ಟಿಕ್ಕು ತೆಗೆದ. ವಾರ್ಡನ್ನು ಎರಡು ಹೆಜ್ಜೆ ಹಿಂದೆ ಸರಿದರು. ಹೋದ ವರ್ಷ ಗೋಡೆ ಹಾರಿದವನೇ! ಕುಶಾಲನಗರದ ಒಂದು ಶುಂಠಿ ತೊಳೆಯೋ ಕಡೆ ಕೆಲಸಕ್ಕಿದ್ದನಂತೆ. ಮ್ಯಾಚು ನೋಡೋಕೆ ಬಂದವನು ಹಳೇ ಸ್ನೇಹಿತರು ಸಿಕ್ಕರು ಅಂತ ಮಾತಿಗೆ ಕೂತಿದ್ದಾನೆ. ಮಾತು ಮುಗಿದ ಮೇಲೆ ಅವರ ಜೊತೆಗೇ ವ್ಯಾನು ಹತ್ತಿದ್ದಾನೆ.

"ಗೋಡೆ ಹಾರಿ ಹೋಗಿದ್ದೆ ಸಾರ್, ಗೇಟಲ್ಲಿ ಬಂದಿದೀನಿ" ಅಂತ ಸಾಹೇಬರಿಗೆ ಕೈ ಮುಗಿದ.

"ಇವನ ಹೇಳಿಕೆ ಬರೆದುಕೊಳ್ಳಿ ವಾರ್ಡನ್" ಅಂದರು ಸಾಹೇಬರು. "ಓಡಿಹೋದಾಗ ಬರೆದವರೂ ನೀವೇ ಅಲ್ವಾ? ಮೂರು ಪ್ರತಿ."

ಬೇರೆ ಕಾಗದ ಇರಲಿಲ್ಲ. ವಾರ್ಡನ್ನು ಜೇಬಿನ ಆ ಕಾಗದವನ್ನೇ ಮಗುಚಿ ಹಾಕಿ ಪೆನ್ನು ತೆಗೆದರು.

"ಯಾಕೋ ಓಡಿಹೋದೆ?"

"ನಿಮ್ಮಿಂದ ಸಾರ್."

ವಾರ್ಡನ್ನು ಸಾಹೇಬರ ಮುಖ ನೋಡಿದರು. ಸಾಹೇಬರು ಬರೀರಿ ಅಂತ ಕಣ್ಣಲ್ಲೇ ಅಂದರು. ಬರೆದರು.

"ಮತ್ತೆ ವಾಪಸು ಯಾಕೋ ಬಂದೆ?"

"ಈಗ ಇಲ್ಲಿ ನಿಮ್ಮ ಮಾತು ಯಾರೂ ಕೇಳಲ್ವಂತೆ ಸಾರ್, ಅದಕ್ಕೇ."

ಪೆನ್ನು ನಿಂತಿತು. "ಸಾರ್," ಅಂದರು ವಾರ್ಡನ್ನು ಸಣ್ಣ ದನಿಯಲ್ಲಿ, "ಇದನ್ನೂ ಬರೀಬೇಕಾ?"

"ದಪ್ಪಕ್ಷರದಲ್ಲಿ ಬರೀರಿ" ಅಂದರು ಸಾಹೇಬರು. "ಮೇಡಂ ಇಲ್ಲೇ ಇರಲಿ ಅಂತ ಮೇಲಕ್ಕೆ ಬರೆಯೋಕೆ ನನಗೆ ಇದಕ್ಕಿಂತ ಒಳ್ಳೇ ಕಾರಣ ಇನ್ನೆಲ್ಲಿ ಸಿಗುತ್ತೆ?"